ಹಣ್ಣಿನ ರಸದ ಯೀಸ್ಟ್‌ಗೆ ವಿದ್ಯುತ್ ಹೊಡೆತ: ನಂಬಬೇಕಾದದ್ದು ಎಷ್ಟು?

ಆಹಾರ ಕೆಡದಂತೆ ನೋಡಿಕೊಳ್ಳುತ್ತವೆ ಎನ್ನುವ ‘ವಿದ್ಯುತ್ಕಾಂತೀಯ’ ಸಾಧನಗಳ ಜಾಹೀರಾತುಗಳನ್ನು ಕಂಡು ಇಡೀ ವಿಷಯವನ್ನೇ ಬೂಟಾಟಿಕೆಯೆಂದು ತಳ್ಳಿಹಾಕುವ ಸ್ನೇಹಿತರು ನನಗಿದ್ದಾರೆ. ಅವರ ಅನುಮಾನ ಸಹಜವೇ. ಆದರೆ ಈ ಒಂದೇ ಹಣೆಪಟ್ಟಿಯಡಿ ಮೂರು ಬೇರೆ ಬೇರೆ ಸಂಗತಿಗಳು ಮಾರಾಟವಾಗುತ್ತಿವೆ. ಅವುಗಳಲ್ಲಿ ಒಂದು, ಅಂದರೆ ಕ್ಷಣಮಾತ್ರ ಹಾಯಿಸುವ ಹೆಚ್ಚು ವೋಲ್ಟೇಜಿನ ವಿದ್ಯುತ್ ಹೊಡೆತ, ಹಣ್ಣಿನ ರಸವನ್ನು ಕೆಡಿಸುವ ಯೀಸ್ಟನ್ನು ನಿಜವಾಗಿಯೂ ಕೊಲ್ಲುತ್ತದೆ.

ಹಣ್ಣಿನ ರಸ ಮಾಡಿ ಮಾರುವವರಿಗೆ ಯೀಸ್ಟಿನ ಕಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಚ್ಚಳ ಸಡಿಲಿಸಿದೊಡನೆ ಬುಸ್ ಎನ್ನುವ ಸದ್ದು, ಬಾಟಲಿಯ ಕತ್ತಿನಲ್ಲಿ ಸಾಲುಗಟ್ಟಿದ ಸಣ್ಣ ಗುಳ್ಳೆ, ತಳದಲ್ಲಿ ಬೂದುಬಣ್ಣದ ತೆಳು ಗಸಿ, ಮೂಗಿಗೆ ಹೆಂಡದ ವಾಸನೆ: ಇಷ್ಟು ಕಂಡರೆ ಆ ಸರಕು ಹೋಯಿತೆಂದೇ ಲೆಕ್ಕ. ಹುಳಿ ಮತ್ತು ಸಕ್ಕರೆ ಎರಡೂ ಇರುವಲ್ಲಿ ಬಹುಪಾಲು ಬ್ಯಾಕ್ಟೀರಿಯಾಗಳು ಸೋಲುತ್ತವೆ, ಯೀಸ್ಟ್ ಮಾತ್ರ ಹಬ್ಬ ಮಾಡುತ್ತದೆ. ಕೆಡದಂತೆ ತಡೆಯುವ ಸೋಡಿಯಂ ಬೆಂಜೊಯೇಟ್ ಹಾಕಿದ್ದೇವಲ್ಲ ಎಂದು ನಿಶ್ಚಿಂತರಾಗಿರುವಂತೆಯೂ ಇಲ್ಲ. ಜೈಗೊಸ್ಯಾಕರೊಮೈಸಿಸ್ ಬೈಲಿಐ ಎಂಬ ಯೀಸ್ಟ್ ಬೆಂಜೊಯೇಟ್ ಮತ್ತು ಅಂಥದೇ ಇನ್ನೊಂದು ಸಂರಕ್ಷಕವಾದ ಸಾರ್ಬೇಟ್ ಎರಡನ್ನೂ ಸಹಿಸಿಕೊಂಡು ಬೆಳೆಯುವುದಕ್ಕೇ ಹೆಸರಾದದ್ದು. ಉಳಿದ ದಾರಿಯೆಂದರೆ ಕಾಯಿಸುವುದು. ಅನಾನಸ್ ರಸವನ್ನು ಕಾಯಿಸಿ ಕುಡಿದವರಿಗೆ ಅದರಲ್ಲಿ ಏನು ಕಳೆದುಹೋಗುತ್ತದೆಂಬುದು ಗೊತ್ತು.

ವಿದ್ಯುತ್ ಹೊಡೆತ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡು ಲೋಹದ ವಿದ್ಯುದ್ವಾರಗಳ ನಡುವಿನ ಕಿರಿದಾದ ಸಂದಿಯಲ್ಲಿ ರಸ ಹರಿಯುತ್ತಿರುವಾಗ, ಪ್ರತಿ ಸೆಂಟಿಮೀಟರಿಗೆ ಇಪ್ಪತ್ತರಿಂದ ನಲವತ್ತು ಕಿಲೋವೋಲ್ಟಿನಷ್ಟು ಬಲದ ಹೊಡೆತಗಳನ್ನು ಕೊಡಲಾಗುತ್ತದೆ. ಒಂದೊಂದು ಹೊಡೆತದ ಆಯುಷ್ಯ ಕೆಲವು ಮೈಕ್ರೋಸೆಕೆಂಡುಗಳು ಮಾತ್ರ. ಜೀವಕೋಶದ ಪೊರೆಯ ಮೇಲೆ ಸುಮಾರು ಒಂದು ವೋಲ್ಟ್ ಬಿದ್ದರೆ ಸಾಕು, ಅದರಲ್ಲಿ ರಂಧ್ರಗಳು ಮೂಡುತ್ತವೆ. ಕೋಶ ದೊಡ್ಡದಾದಷ್ಟೂ ಪೊರೆಯ ಮೇಲೆ ಬೀಳುವ ವೋಲ್ಟೇಜ್ ಹೆಚ್ಚು. ಯೀಸ್ಟ್ ಕೋಶ ಐದರಿಂದ ಹತ್ತು ಮೈಕ್ರೋಮೀಟರ್ ಅಗಲವಿದ್ದರೆ, ಸಾಮಾನ್ಯ ಬ್ಯಾಕ್ಟೀರಿಯಾದ ಅಗಲ ಒಂದು ಮೈಕ್ರೋಮೀಟರಿನ ಆಸುಪಾಸು. ಹೀಗಾಗಿ ಬ್ಯಾಕ್ಟೀರಿಯಾ ತಡೆದುಕೊಳ್ಳುವ ಹೊಡೆತಕ್ಕೂ ಯೀಸ್ಟ್ ಬಲಿಯಾಗುತ್ತದೆ. ಇಂಗ್ಲೆಂಡಿನ ಸಂಶೋಧಕರಾದ ಸೇಲ್ ಮತ್ತು ಹ್ಯಾಮಿಲ್ಟನ್ 1967ರಲ್ಲೇ ಇದನ್ನು ತೋರಿಸಿದ್ದರು. ಸಾವಿಗೆ ಕಾರಣ ಬಿಸಿಯೂ ಅಲ್ಲ, ವಿದ್ಯುದ್ವಿಭಜನೆಯಿಂದ ಹುಟ್ಟಿದ ರಾಸಾಯನಿಕವೂ ಅಲ್ಲ, ಪೊರೆ ಕೆಟ್ಟದ್ದೇ ಎಂಬುದು ಅವರ ನಿರ್ಣಯವಾಗಿತ್ತು. ಅಮೆರಿಕದ ಓರೆಗಾನ್ ರಾಜ್ಯದ ಒಂದು ಸಣ್ಣ ಕಂಪನಿ 2005ರಲ್ಲಿ ಹೀಗೆ ಸಂಸ್ಕರಿಸಿದ ರಸವನ್ನು ಮಾರುಕಟ್ಟೆಗೂ ತಂದಿತು.

ಪ್ರಮಾಣ ಮಾತ್ರ ಸರಿಯಾಗಿರಬೇಕು. ಹೊಡೆತ ಮೆದುವಾದರೆ ರಂಧ್ರಗಳು ಮತ್ತೆ ಮುಚ್ಚಿಕೊಂಡು ಯೀಸ್ಟ್ ಬದುಕಿಬಿಡುತ್ತದೆ. (ಪ್ರಯೋಗಾಲಯಗಳಲ್ಲಿ ಯೀಸ್ಟಿನೊಳಗೆ ಡಿಎನ್‌ಎ ಸೇರಿಸುವುದೂ ಇದೇ ಉಪಾಯದಿಂದ, ಅದು ಸಾಯದ ಹಾಗೆ ನೋಡಿಕೊಂಡು.)

ಉಳಿದ ಎರಡರ ವಿಷಯ ಬೇಗ ಮುಗಿಯುತ್ತದೆ. ಮೈಕ್ರೋವೇವ್ ಮತ್ತು ರೇಡಿಯೋ ತರಂಗಗಳು ಯೀಸ್ಟನ್ನು ಕೊಲ್ಲುವುದು ಮುಖ್ಯವಾಗಿ ಬಿಸಿಯಿಂದ. ಕಾಯಿಸುವ ಕ್ರಮ ಬೇರೆ, ಕೆಲಸ ಹಳೆಯದೇ. ಇನ್ನು ಕಾಂತಕ್ಷೇತ್ರ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕಾಗಿ 2000ದಲ್ಲಿ ಸಿದ್ಧವಾದ ವರದಿಯು ಕಂಪಿಸುವ ಕಾಂತಕ್ಷೇತ್ರಗಳ ಪ್ರಯೋಗಗಳನ್ನು ಪರಿಶೀಲಿಸಿ, ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದಿತ್ತು: ಕೆಲವೆಡೆ ಸೂಕ್ಷ್ಮಜೀವಿಗಳು ಕುಗ್ಗಿದವು, ಕೆಲವೆಡೆ ಏನೂ ಆಗಲಿಲ್ಲ, ಕೆಲವೆಡೆ ಬೆಳವಣಿಗೆಯೇ ಹೆಚ್ಚಾಯಿತು. ಪ್ರಯೋಗಾಲಯದ ಬಲವಾದ ಕ್ಷೇತ್ರಗಳ ಕಥೆಯೇ ಹೀಗಿರುವಾಗ, ಬಾಟಲಿಯ ಅಡಿಗೆ ಅಯಸ್ಕಾಂತದ ಬಿಲ್ಲೆ ಇಟ್ಟರೆ ಜೇನು ಹುಳಿಯುವುದಿಲ್ಲ ಎನ್ನುವವರಿಗೆ ನಾನು ದುಡ್ಡು ಕೊಡುವವನಲ್ಲ. ಜೇನು ಹುದುಗು ಬರುವುದು ಅದರಲ್ಲಿ ನೀರಿನಂಶ ಹೆಚ್ಚಾದಾಗ. ಅದಕ್ಕೆ ಮದ್ದು ನೀರಿನಂಶವನ್ನು ತಗ್ಗಿಸುವುದೇ.

ವಿದ್ಯುತ್ ಹೊಡೆತವನ್ನು ಮೆಚ್ಚುವವನಾಗಿಯೂ ಒಂದು ಕಡೆ ನಾನು ಬೇಡವೆನ್ನುತ್ತೇನೆ. ನೀರಾ ಮತ್ತು ಕಬ್ಬಿನಹಾಲಿಗೆ ಇದನ್ನು ಅಳವಡಿಸಬೇಕೆಂಬ ಉತ್ಸಾಹ ನಮ್ಮಲ್ಲಿ ಹುಟ್ಟುವುದು ಸಹಜ, ಏಕೆಂದರೆ ನೀರಾ ಗಂಟೆಗಳಲ್ಲೇ ಹೆಂಡದತ್ತ ತಿರುಗುತ್ತದೆ. ಆದರೆ ಇವೆರಡೂ ಹುಳಿ ಪಾನೀಯಗಳಲ್ಲ. ತಾಜಾ ಇರುವಾಗ ಇವುಗಳ ಪಿಎಚ್ (ಹುಳಿಯ ಅಳತೆ; ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 4.6ಕ್ಕಿಂತ ಮೇಲಿರುತ್ತದೆ. ಅಲ್ಲಿ ಬಾಟ್ಯುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಾಣುಗಳು ಮೊಳೆಯಬಲ್ಲವು, ಮತ್ತು ವಿದ್ಯುತ್ ಹೊಡೆತ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಕೊಲ್ಲುವುದಿಲ್ಲ. ಯೀಸ್ಟ್ ಕೆಡಿಸಿದ್ದು ನೊರೆಯಿಂದ, ವಾಸನೆಯಿಂದ ತಾನೇ ಚಾಡಿ ಹೇಳುತ್ತದೆ. ಆ ಎಚ್ಚರಿಕೆಯನ್ನು ಅಳಿಸಿ, ಅಪಾಯವನ್ನು ಹಾಗೇ ಉಳಿಸಿ, ‘ಬಹುಕಾಲ ಬಾಳಿಕೆ’ ಎಂಬ ಚೀಟಿ ಅಂಟಿಸಿ ಹೊರಗೆ ಇಟ್ಟು ಮಾರುವುದು ನನಗೆ ಒಪ್ಪಿಗೆಯಿಲ್ಲ. ನೀರಾಗೆ ಕಾಸರಗೋಡಿನ ತೋಟಗಾರಿಕೆ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಹಿಡಿದ ದಾರಿಯೇ ಸರಿ: ಮರದಲ್ಲಿರುವಾಗಲೇ ಮಂಜುಗಡ್ಡೆಯ ಪೆಟ್ಟಿಗೆಯೊಳಗೆ ಇಳಿಸಿಕೊಂಡು, ಕೊನೆಯವರೆಗೂ ತಣ್ಣಗಿಡುವುದು.

ವಿದ್ಯುತ್ ಹೊಡೆತ ಒಗ್ಗುವುದು ಅನಾನಸ್, ದ್ರಾಕ್ಷಿಯಂಥ ಹುಳಿ ರಸಗಳಿಗೆ. ಅಲ್ಲಿಯೂ ರಸವನ್ನು ಆಮೇಲೆ ತಣ್ಣಗಿಡಲೇಬೇಕು, ಏಕೆಂದರೆ ಬಣ್ಣ, ರುಚಿ ಕೆಡಿಸುವ ಕಿಣ್ವಗಳಲ್ಲಿ ಹಲವು ಈ ಹೊಡೆತಕ್ಕೆ ಜಗ್ಗುವುದಿಲ್ಲ. ಉಪ್ಪು ಬೆರೆಸಿದ ಪುನರ್ಪುಳಿ ರಸಕ್ಕೆ ಇದು ಕಷ್ಟ. ಉಪ್ಪಿದ್ದಷ್ಟೂ ವಿದ್ಯುತ್ ಸರಾಗವಾಗಿ ಹರಿದು, ಕ್ಷೇತ್ರದ ಬಲ ಉಳಿಯದೆ ಬಿಸಿ ಏರುತ್ತದೆ.

ಯಂತ್ರದ ದುಬಾರಿ ಭಾಗ ಹೊಡೆತ ಹುಟ್ಟಿಸುವ ವಿದ್ಯುತ್ ಘಟಕ, ಆದ್ದರಿಂದ ಮನೆಯುದ್ದಿಮೆಯವರು ಒಬ್ಬೊಬ್ಬರೇ ಕೊಳ್ಳುವ ಮಾತು ಬೇಡ. ಬನವಾಸಿ ಕಡೆಯ ಅನಾನಸ್ ಬೆಳೆಗಾರರ ಸಹಕಾರ ಸಂಘವೊಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ತಜ್ಞರ ಸಲಹೆಯೊಂದಿಗೆ, ತಮ್ಮದೇ ಹಣ್ಣಿನ ರಸದಲ್ಲಿ ಯೀಸ್ಟ್ ಎಷ್ಟು ಇಳಿಯಿತೆಂದು ಅಳೆದು ನೋಡಿ, ಅನಂತರ ಒಂದು ಸಾಮೂಹಿಕ ಘಟಕಕ್ಕೆ ಮುಂದಾದರೆ ಅದರಲ್ಲಿ ಅರ್ಥವಿದೆ. ಒಂದು ಷರತ್ತನ್ನು ಮಾತ್ರ ಬೆಳೆಗಾರರಿಗೆ ಮೊದಲೇ ಹೇಳಿಬಿಡಬೇಕು: ರಸ ಹಿಂಡಿದ ದಿನವೇ ಘಟಕ ತಲುಪಬೇಕು. ಹುದುಗು ಶುರುವಾಗಿ ಗುಳ್ಳೆ ಎದ್ದ ರಸವನ್ನು ಹಾಗೇ ಹಾಯಿಸಿದರೆ ಆ ಗುಳ್ಳೆಗಳಲ್ಲೇ ಕಿಡಿ ಹಾರಿ ವಿದ್ಯುದ್ವಾರ ಹಾಳಾಗುತ್ತದೆ.