ನಡು ಬೆಂಗಳೂರಿನಲ್ಲಿ ಅರ್ಧಕ್ಕೆ ನಿಂತ ಹೋಟೆಲ್: ಕೆಡವಬೇಕೇ, ಬೇಡವೇ?

ಒಂದು ಚದರ ಅಡಿ ಜಾಗಕ್ಕೂ ಪೈಪೋಟಿ ನಡೆಯುವ ಮೆಜೆಸ್ಟಿಕ್, ಗಾಂಧಿನಗರ, ರೆಸಿಡೆನ್ಸಿ ರಸ್ತೆಯಂತಹ ಪ್ರದೇಶದಲ್ಲಿ ಏಳೆಂಟು ಮಹಡಿಯ ಮೋಲ್ಡ್ ಮುಗಿದ ಮೇಲೆ ಕೆಲಸ ನಿಂತು, ವರ್ಷಗಟ್ಟಲೆ ಹಾಗೆಯೇ ಉಳಿದುಬಿಡುವ ವಸತಿ ಹೋಟೆಲ್ ಕಟ್ಟಡವನ್ನು ಏನು ಮಾಡಬೇಕು? ಕೆಲಸ ನಿಲ್ಲುವುದಕ್ಕೆ ಕಾರಣ ಒಂದೊಂದು ಕಡೆ ಒಂದೊಂದು. ಕಂತು ಕಟ್ಟಲಾಗದೆ ಬ್ಯಾಂಕಿನ ಸಾಲ ಎನ್‌ಪಿಎ (ವಸೂಲಾಗದ ಸಾಲ) ಆಗಿರಬಹುದು, ಅಣ್ಣತಮ್ಮಂದಿರ ನಡುವೆ ಪಾಲಿನ ದಾವೆ ಇರಬಹುದು, ಮಂಜೂರಾದ ನಕ್ಷೆಯನ್ನು ಮೀರಿ ಕಟ್ಟಿದ್ದಕ್ಕೆ ನೋಟಿಸ್ ಬಂದಿರಬಹುದು. ಕಾರಣ ಯಾವುದೇ ಇರಲಿ, ಕೆಲಸ ನಿಂತು ಹತ್ತು ವರ್ಷ ಕಳೆದರೂ ಪೂರ್ಣಗೊಳ್ಳದ ಇಂತಹ ಕಟ್ಟಡವನ್ನು, ಮಾಲೀಕ ಒಪ್ಪಲಿ ಬಿಡಲಿ, ನಗರಪಾಲಿಕೆ ಕೆಡವಬೇಕೇ ಎಂಬುದು ಇಲ್ಲಿ ಚರ್ಚೆಗೆ ಎತ್ತಿಕೊಂಡಿರುವ ಪ್ರಶ್ನೆ.

ಪರ: ಕೆಡವಲೇಬೇಕು

ತಗಡಿನ ಬೇಲಿಯ ಸಂದಿನಲ್ಲಿ ಕಣ್ಣಿಟ್ಟು ನೋಡಿದರೆ ಇಂತಹ ಕಟ್ಟಡದ ನಿಜಸ್ಥಿತಿ ತಿಳಿಯುತ್ತದೆ. ಮುಂದಿನ ಮಹಡಿಗೆಂದು ಪಿಲ್ಲರ್‌ಗಳ ನೆತ್ತಿಯಲ್ಲಿ ಬಿಟ್ಟ ಕಂಬಿಗಳು ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತಿರುತ್ತವೆ. ಅವುಗಳ ಬುಡದಲ್ಲಿ ಕಾಂಕ್ರೀಟಿಗೆ ಕಂದು ಕಲೆ ಹತ್ತಿ ಉದ್ದುದ್ದಕ್ಕೆ ಬಿರುಕು ಮೂಡಿರುತ್ತದೆ. ಬೀಮ್ ಮತ್ತು ಪಿಲ್ಲರ್ ಕೂಡುವ ಮೂಲೆಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ ಅರಳಿ ಸಸಿ ಆಳೆತ್ತರ ಬೆಳೆದಿರುತ್ತದೆ. ಉಕ್ಕು ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಕಾಂಕ್ರೀಟಿನೊಳಗೆ ಅಷ್ಟು ಜಾಗ ಸಿಗದೆ ಹೊರಪದರ ಸಿಡಿಯುತ್ತದೆ, ಸಿಡಿದ ಕಡೆಯಿಂದ ನೀರು ಇನ್ನಷ್ಟು ಒಳಗಿಳಿಯುತ್ತದೆ. ಮುಗಿದ ಕಟ್ಟಡವನ್ನು ಇದರಿಂದ ಕಾಪಾಡಲು ಗಾರೆಯಿದೆ, ಬಣ್ಣವಿದೆ, ತಾರಸಿಯ ವಾಟರ್‌ಪ್ರೂಫಿಂಗ್ ಇದೆ. ಅರ್ಧಕ್ಕೆ ನಿಂತ ಕಟ್ಟಡಕ್ಕೆ ಅವು ಯಾವುವೂ ಇಲ್ಲ. ಮುಂಗಾರು, ಹಿಂಗಾರು ಎರಡೂ ಅದರ ಬರಿ ಮೈಮೇಲೆಯೇ ಸುರಿಯುತ್ತವೆ. ಹತ್ತು ಮಳೆಗಾಲ ಕಳೆದ ಮೇಲೆ ಒಬ್ಬ ಮೇಸ್ತ್ರಿ ಬಂದು ಕಂಬಿಗೆ ಬ್ರಷ್ ಉಜ್ಜಿ, ಅದರ ಮೇಲೆಯೇ ಮತ್ತೆರಡು ಮಹಡಿ ಏರಿಸುತ್ತೇನೆಂದರೆ ಅವನನ್ನು ನಂಬುವವರು ಯಾರು?

ಕೆಳಗಿನ ಪರಿಸ್ಥಿತಿ ಇದಕ್ಕಿಂತ ಕೆಟ್ಟದು. ಕಾರು ನಿಲ್ಲಿಸಲೆಂದು ತೋಡಿದ ನೆಲಮಾಳಿಗೆಯಲ್ಲಿ ಪಂಪು ನಿಂತ ದಿನದಿಂದ ನೀರು ತುಂಬುತ್ತದೆ, ಲಿಫ್ಟಿನ ಗುಂಡಿ ವರ್ಷವಿಡೀ ಬತ್ತುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯೊಡೆದು ಹಾರುವ ಹಂತಕ್ಕೆ ಬರಲು ವಾರದಿಂದ ಹತ್ತು ದಿನ ಸಾಕು. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದಾಗ, ಸೊಳ್ಳೆಗೆ ಆಸರೆಯಾಗುವ ನಿರ್ಮಾಣ ಸ್ಥಳಗಳಿಗೂ ಖಾಲಿ ನಿವೇಶನಗಳಿಗೂ ನಗರಗಳಲ್ಲಿ 2,000 ರೂಪಾಯಿ ದಂಡ ಗೊತ್ತುಮಾಡಿತು. ಕೋಟಿಗಟ್ಟಲೆ ಬೆಲೆಯ ನೆಲದ ಮಾಲೀಕನಿಗೆ ಅದು ಒಂದು ಸಂಜೆಯ ಊಟದ ಬಿಲ್ಲು.

ಬೆಂಗಳೂರು ಇಂತಹ ವಿಷಯದಲ್ಲಿ ಉಪೇಕ್ಷೆ ಮಾಡಬಾರದ ಊರು. 1983ರ ಸೆಪ್ಟೆಂಬರ್‌ನಲ್ಲಿ ಗಾಂಧಿನಗರದ ಕಪಾಲಿ ಚಿತ್ರಮಂದಿರದ ಹತ್ತಿರ, ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2024ರ ಅಕ್ಟೋಬರ್‌ನ ಮಳೆಯಲ್ಲಿ ಬಾಬುಸಾಬ್‌ಪಾಳ್ಯದಲ್ಲಿ ಮತ್ತೊಂದು ನಿರ್ಮಾಣ ಹಂತದ ಕಟ್ಟಡ ಕಾರ್ಮಿಕರ ಮೇಲೆ ಬಿತ್ತು. ಮುಗಿಯದ ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರವಿಲ್ಲ, ಅಂದರೆ ಬಳಸಲು ಯೋಗ್ಯವೆಂಬ ಪಾಲಿಕೆಯ ಒಪ್ಪಿಗೆಯಿಲ್ಲ. ಕೆಲಸ ನಿಂತ ಮೇಲೆ ಸೈಟಿನಲ್ಲಿ ಎಂಜಿನಿಯರನೂ ಇರುವುದಿಲ್ಲ. ಇರುವವನು ತಿಂಗಳ ಸಂಬಳವೂ ಸರಿಯಾಗಿ ಸಿಗದ ಒಬ್ಬ ಕಾವಲುಗಾರ. ಬೇಲಿಯ ಹೊರಗೆ ಎಳನೀರಿನ ಗಾಡಿ, ಆಟೊ ನಿಲ್ದಾಣ, ಬಸ್ಸಿಗೆ ಕಾಯುವ ಜನ. ಮೇಲಿನಿಂದ ಒಂದು ಸೆಂಟ್ರಿಂಗ್ ಹಲಗೆ ಜಾರಿದರೂ ಬೀಳುವುದು ಇವರ ಮೇಲೆಯೇ.

‘ಕಾಯೋಣ, ಯಾರಾದರೂ ಕೊಂಡು ಮುಗಿಸಿಯಾರು’ ಎನ್ನುವವರು ಉತ್ತರ ಕೊರಿಯಾದ ಪ್ಯೊಂಗ್ಯಾಂಗ್‌ನ ರ್‍ಯುಗ್ಯೊಂಗ್ ಹೋಟೆಲನ್ನು ನೋಡಬೇಕು. 330 ಮೀಟರ್ ಎತ್ತರದ, 105 ಮಹಡಿಯ ಆ ಕಟ್ಟಡದ ಕೆಲಸ 1987ರಲ್ಲಿ ಆರಂಭವಾಗಿ 1992ರಲ್ಲಿ ನಿಂತಿತು. ಹದಿನಾರು ವರ್ಷದ ನಂತರ ಈಜಿಪ್ಟಿನ ಕಂಪನಿಯೊಂದು ಬಂದು ಹೊರಮೈಗೆ ಗಾಜು ಹೊದಿಸಿತು. ದೂರದಿಂದ ನೋಡಿದರೆ ಈಗ ಅದು ಹೋಟೆಲಿನಂತೆಯೇ ಕಾಣುತ್ತದೆ, ಆದರೆ ಇಂದಿಗೂ ಒಬ್ಬ ಅತಿಥಿಗೂ ಬಾಗಿಲು ತೆರೆದಿಲ್ಲ. ವೆನೆಜುವೆಲಾದ ಕರಾಕಸ್‌ನಲ್ಲಿ 1994ರ ಬ್ಯಾಂಕ್ ಬಿಕ್ಕಟ್ಟಿನಲ್ಲಿ ಕೆಲಸ ನಿಂತ 45 ಮಹಡಿಯ ಗೋಪುರಕ್ಕೆ 2007ರಲ್ಲಿ ಮನೆಯಿಲ್ಲದವರು ನುಗ್ಗಿ, ಲಿಫ್ಟಿಲ್ಲದ, ಎಷ್ಟೋ ಕಡೆ ಕಟಕಟೆಯೂ ಇಲ್ಲದ ಮಹಡಿಗಳಲ್ಲಿ ಸಂಸಾರ ಹೂಡಿದರು. ಅವರನ್ನು ಅಲ್ಲಿಂದ ಸಾಗಿಸುವ ಕೆಲಸ ಆರಂಭವಾದದ್ದು 2014ರಲ್ಲಿ. ಇವೆರಡಕ್ಕೂ ಹೋಲಿಸಿದರೆ ಲಾಸ್ ವೇಗಸ್‌ನ ಹಾರ್ಮನ್ ಹೋಟೆಲಿನ ವಿಷಯದಲ್ಲಿ ವಿವೇಕ ಕಾಣುತ್ತದೆ. ಕಂಬಿ ಕಟ್ಟಿದ ಕೆಲಸದಲ್ಲಿ ಲೋಪವಿದೆಯೆಂದು 2008ರಲ್ಲಿ ಪತ್ತೆಯಾಗಿ, ವ್ಯಾಜ್ಯ ನಡೆದು, ಒಂದು ದಿನವೂ ಬಾಗಿಲು ತೆರೆಯದ ಆ ಕಟ್ಟಡವನ್ನು 2014–15ರಲ್ಲಿ ಮಹಡಿ ಮಹಡಿಯಾಗಿ ಬಿಚ್ಚಿ ತೆಗೆದರು.

ಇನ್ನು ಹಣದ ಮಾತು. ದೊಡ್ಡ ಹೋಟೆಲೊಂದನ್ನು ಕಟ್ಟುವ ವೆಚ್ಚದಲ್ಲಿ ಪಿಲ್ಲರ್, ಬೀಮ್, ಮೋಲ್ಡ್‌ಗಳ ಪಾಲು ಚಿಕ್ಕದು. ಹವಾನಿಯಂತ್ರಣ, ಲಿಫ್ಟು, ಕೊಳಾಯಿ, ಅಗ್ನಿಸುರಕ್ಷೆ, ಒಳಾಂಗಣಗಳೇ ಹೆಚ್ಚು ನುಂಗುತ್ತವೆ. ಆದ್ದರಿಂದ ಅಸ್ಥಿಪಂಜರ ಉಳಿಸಿಕೊಂಡು ಆಗುವ ಉಳಿತಾಯ ನಾವು ಎಣಿಸಿದಷ್ಟಿಲ್ಲ, ಅದೂ ತುಕ್ಕು ತೆಗೆದು, ಪಿಲ್ಲರ್‌ಗಳ ಸುತ್ತ ಹೊಸ ಕಾಂಕ್ರೀಟಿನ ಕವಚ ತೊಡಿಸಿ (ಜಾಕೆಟಿಂಗ್) ಬಲಪಡಿಸುವ ಖರ್ಚು ಕೂಡಿಸಿದ ಮೇಲೆ. ಹಾಗಿದ್ದೂ ಮಾಲೀಕ ಅದನ್ನು ಏಕೆ ಬಿಡುವುದಿಲ್ಲ? ನೆಲದ ಬೆಲೆ ತಾನಾಗಿ ಏರುತ್ತಿದೆ, ಕಾಯುವುದಕ್ಕೆ ಅವನಿಗೆ ಖರ್ಚಿಲ್ಲ, ಕಾಯುವಿಕೆಯ ಖರ್ಚನ್ನೆಲ್ಲ ಪಕ್ಕದ ಬೀದಿಯವರು ಕೊಡುತ್ತಿದ್ದಾರೆ. ಹತ್ತನೆಯ ವರ್ಷಕ್ಕೆ ಕಟ್ಟಡ ಬೀಳುತ್ತದೆಂದು ಕಾನೂನಿನಲ್ಲಿ ಬರೆದಿದ್ದರೆ ಒಂಬತ್ತನೆಯ ವರ್ಷದಲ್ಲಿ ಸಾಲವೂ ಹುಟ್ಟುತ್ತದೆ, ಅಣ್ಣತಮ್ಮಂದಿರ ರಾಜಿಯೂ ಆಗುತ್ತದೆ.

ವಿರೋಧ: ಕೆಡವುವುದು ಸುಲಭದ ತೀರ್ಮಾನ, ಸರಿಯಾದದ್ದಲ್ಲ

ಪರವಾದಿಗಳ ವಾದದಲ್ಲಿ ಅತಿ ಹೆಚ್ಚು ಮನಕಲಕುವ ಭಾಗವೇ ಅತಿ ದುರ್ಬಲವಾದದ್ದು. 1983ರಲ್ಲಿ ಗಾಂಧಿನಗರದಲ್ಲಿ ಬಿದ್ದದ್ದಾಗಲಿ, 2024ರಲ್ಲಿ ಬಾಬುಸಾಬ್‌ಪಾಳ್ಯದಲ್ಲಿ ಬಿದ್ದದ್ದಾಗಲಿ ಕೈಬಿಟ್ಟ ಕಟ್ಟಡಗಳಲ್ಲ. ಅವೆರಡೂ ಕೆಲಸ ನಡೆಯುತ್ತಿದ್ದಾಗ ಬಿದ್ದವು. ಕೆಟ್ಟ ನಿರ್ಮಾಣವನ್ನು ತಡೆಯಬೇಕೆಂಬುದಕ್ಕೆ ಆ ಸಾವುಗಳು ಸಾಕ್ಷಿ. ನಿಂತ ಕಟ್ಟಡಗಳನ್ನೆಲ್ಲ ಒಂದೇ ಲೆಕ್ಕದಲ್ಲಿ ಕೆಡವಬೇಕೆಂಬುದಕ್ಕೆ ಅವನ್ನು ಕರೆತರುವುದು ನ್ಯಾಯವಲ್ಲ.

ಕಟ್ಟಡ ಗಟ್ಟಿಯೋ ಅಲ್ಲವೋ ಎಂಬುದನ್ನು ಬೇಲಿಯ ಸಂದಿನಿಂದ ನೋಡಿ ಹೇಳಲಾಗದು. ಅದಕ್ಕೆ ಪರೀಕ್ಷೆಗಳಿವೆ. ರಿಬೌಂಡ್ ಹ್ಯಾಮರಿನಿಂದ ಕಾಂಕ್ರೀಟಿನ ಮೇಲ್ಮೈ ಗಡಸುತನ, ಅಲ್ಟ್ರಾಸೌಂಡ್ ಅಲೆಗಳಿಂದ ಒಳಗಿನ ಪೊಳ್ಳು ಮತ್ತು ಬಿರುಕು, ಹಾಫ್-ಸೆಲ್ ಪರೀಕ್ಷೆಯಿಂದ ಕಂಬಿ ತುಕ್ಕು ಹಿಡಿಯುವ ಸಂಭವ ತಿಳಿಯುತ್ತದೆ. ಕೊನೆಗೆ ಕೋರ್ ಕೊರೆದು ತೆಗೆದ ತುಂಡನ್ನು ಪ್ರಯೋಗಾಲಯದಲ್ಲಿ ಒತ್ತಿ ಒಡೆದರೆ ಬಲದ ನಿಖರ ಅಂಕಿಯೇ ಕೈಗೆ ಬರುತ್ತದೆ. ನೆತ್ತಿಯ ಕಂಬಿ ತುಕ್ಕು ಹಿಡಿದಿದೆಯೆಂದ ಮಾತ್ರಕ್ಕೆ ಕೆಳಗಿನ ಪಿಲ್ಲರಿನೊಳಗಿನ ಕಂಬಿಯೂ ಹಾಳಾಗಿರಬೇಕೆಂದಿಲ್ಲ. ಒಳ್ಳೆಯ ಕಾಂಕ್ರೀಟು ಕ್ಷಾರಗುಣದಿಂದಲೇ ಒಳಗಿನ ಉಕ್ಕನ್ನು ಬಹುಕಾಲ ಕಾಪಾಡುತ್ತದೆ. ಬೆಂಗಳೂರಿನಲ್ಲಿ ಮುಂಬಯಿ, ಮಂಗಳೂರುಗಳ ಕಡಲಗಾಳಿಯ ಉಪ್ಪೂ ಇಲ್ಲ. ಹಾರ್ಮನ್ ಹೋಟೆಲನ್ನು ಬಿಚ್ಚಿದ್ದು ಕಂಬಿ ಕಟ್ಟಿದ ಕೆಲಸದಲ್ಲಿ ದೋಷ ಸಿಕ್ಕಿತೆಂದು, ಹಳೆಯದಾಯಿತೆಂದಲ್ಲ. ಅದೇ ಊರಿನ ಅದೇ ರಸ್ತೆಯಲ್ಲಿ ಫಾಂಟನ್‌ಬ್ಲೂ ಹೋಟೆಲ್ 2007ರಲ್ಲಿ ಆರಂಭವಾಗಿ, 2009ರಲ್ಲಿ ದಿವಾಳಿಯಾಗಿ, ಕೊಂಡವರೊಬ್ಬರು ಒಳಗೆ ತರಿಸಿಟ್ಟಿದ್ದ ಪೀಠೋಪಕರಣಗಳನ್ನೂ ಮಾರಿಹಾಕಿದ ಮೇಲೆ, ಮೊದಲು ಕಟ್ಟಲು ಹೊರಟವರ ಕೈಗೇ ಮರಳಿ ಬಂದು 2023ರ ಡಿಸೆಂಬರ್‌ನಲ್ಲಿ ತೆರೆಯಿತು. ಹತ್ತು ವರ್ಷದ ನಿಯಮ ಅಲ್ಲಿ ಜಾರಿಯಲ್ಲಿದ್ದಿದ್ದರೆ ಅದು 2019ರಲ್ಲೇ ಪುಡಿಯಾಗುತ್ತಿತ್ತು. ಪೋಲೆಂಡಿನ ಕ್ರಾಕೋವ್‌ನಲ್ಲಿ 1975ರಲ್ಲಿ ಶುರುವಾಗಿ ಎಂಬತ್ತರ ದಶಕದ ಆರಂಭದಲ್ಲಿ ನಿಂತ ಗೋಪುರವೊಂದು ಸುಮಾರು ನಾಲ್ಕು ದಶಕ ಬರಿ ಅಸ್ಥಿಪಂಜರವಾಗಿ ನಿಂತಿದ್ದು, 2020ರಲ್ಲಿ ಪೂರ್ಣಗೊಂಡಿತು.

ಕೆಡವುವುದೆಂದರೆ ಏನೆಂದು ಪರವಾದಿಗಳು ಯೋಚಿಸಿದಂತಿಲ್ಲ. 2022ರ ಆಗಸ್ಟ್‌ನಲ್ಲಿ ನೊಯ್ಡಾದ ಅವಳಿ ಗೋಪುರಗಳು ಕೆಲವೇ ಸೆಕೆಂಡುಗಳಲ್ಲಿ ನೆಲಕ್ಕುರುಳಿದ್ದನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಅದು ಸಲೀಸಾದ ಕೆಲಸವೆನಿಸಿರಬಹುದು. ಅದಕ್ಕೆ 3,700 ಕಿಲೊ ಸ್ಫೋಟಕ ಬೇಕಾಯಿತು, ಸುತ್ತಲಿನ ಸಾವಿರಾರು ನಿವಾಸಿಗಳನ್ನು ಅಂದು ಮನೆಗಳಿಂದ ತೆರವು ಮಾಡಿಸಲಾಯಿತು, ಸುಮಾರು 80,000 ಟನ್ ಅವಶೇಷ ಉಳಿಯಿತು. ಮೆಜೆಸ್ಟಿಕ್ಕಿನ ಅಡಿಯಲ್ಲಿ ಮೆಟ್ರೊದ ನೇರಳೆ ಮತ್ತು ಹಸಿರು ಮಾರ್ಗಗಳೆರಡೂ ಸುರಂಗದಲ್ಲಿ ಹಾದುಹೋಗುತ್ತವೆ. ಗಾಂಧಿನಗರದ ಅಡ್ಡರಸ್ತೆಗಳಲ್ಲಿ ಎರಡು ಲಾಡ್ಜುಗಳ ಗೋಡೆಗಳ ನಡುವೆ ಕೈ ತೂರಿಸುವಷ್ಟೂ ಜಾಗವಿಲ್ಲ. ಇಲ್ಲಿ ಸ್ಫೋಟಕದ ಮಾತೇ ಬೇಡ. ವೈರ್ ಸಾ (ತಂತಿ ಗರಗಸ) ಇಟ್ಟು ಕೊಯ್ದು, ಯಂತ್ರದಿಂದ ಜಗಿದು, ಮೇಲಿನಿಂದ ಕೆಳಕ್ಕೆ ತಿಂಗಳುಗಟ್ಟಲೆ ಬಿಚ್ಚಬೇಕು. ಸಾವಿರ ಚದರ ಮೀಟರಿನ ಹತ್ತು ಮಹಡಿ ಎಂದಿಟ್ಟುಕೊಂಡರೆ ಕಾಂಕ್ರೀಟೇ ಹತ್ತು ಸಾವಿರ ಟನ್ನಿನ ಹತ್ತಿರ ಬರುತ್ತದೆ, ಅಂದರೆ ರಾತ್ರಿ ಹೊತ್ತಿನಲ್ಲಿ ಮಾತ್ರ ಓಡಿಸಬಹುದಾದ ಟಿಪ್ಪರುಗಳ ಐನೂರಕ್ಕೂ ಹೆಚ್ಚು ಲೋಡು. ಕಟ್ಟಡ ತ್ಯಾಜ್ಯವನ್ನು ವಿಂಗಡಿಸಿ ಮರುಬಳಕೆಗೆ ಕಳಿಸಬೇಕೆಂದು ನಿಯಮಗಳಿವೆ. ಆದರೆ ಈ ಊರಿನಲ್ಲಿ ಡೆಬ್ರಿಸ್ ಎಲ್ಲಿಗೆ ಹೋಗುತ್ತದೆಂಬುದು ಕೆರೆಯಂಗಳಗಳನ್ನು ನೋಡಿದವರಿಗೆಲ್ಲ ಗೊತ್ತು. ಆಮೇಲೆ ಅದೇ ಜಾಗದಲ್ಲಿ ಹೊಸದಾಗಿ ಕಟ್ಟುವವನು ಮತ್ತೆ ಅಷ್ಟೇ ಸಿಮೆಂಟು, ಜಲ್ಲಿ, ಎಂ-ಸ್ಯಾಂಡ್ ತರಿಸುತ್ತಾನೆ.

ಈ ಖರ್ಚನ್ನು ಕೊಡುವವರು ಯಾರು? ನೊಯ್ಡಾದಲ್ಲಿ ಬಿಲ್ಡರನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತ್ತು, ಕೊಡಲು ಆ ಹೊತ್ತಿಗೆ ಬಿಲ್ಡರ್ ಇದ್ದ. ಇಲ್ಲಿ ಕಟ್ಟಡ ನಿಂತಿರುವುದೇ ಮಾಲೀಕನ ಬಳಿ ಹಣವಿಲ್ಲದೆ. ಪಾಲಿಕೆ ಮೊದಲು ಖರ್ಚು ಮಾಡಿ, ಆಮೇಲೆ ವಸೂಲಿಗೆ ನೋಟಿಸ್ ಅಂಟಿಸಿ ಕಾಯುತ್ತದೆ. ಅಷ್ಟರಲ್ಲಿ ಮಾಲೀಕನಿಗೆ ಸಾರ್ವಜನಿಕರ ದುಡ್ಡಿನಲ್ಲಿ ಚೊಕ್ಕಟವಾದ ಖಾಲಿ ನಿವೇಶನ ಸಿಕ್ಕಿರುತ್ತದೆ. ಅದನ್ನು ಅವನು ಪೇ ಅಂಡ್ ಪಾರ್ಕ್ ಮಾಡಿ ದಿನದ ಸಂಪಾದನೆಗೂ ದಾರಿ ಮಾಡಿಕೊಳ್ಳುತ್ತಾನೆ. ಶಿಕ್ಷೆಯೆಂದು ಹೊರಟದ್ದು ಬಹುಮಾನವಾಗುವುದು ಹೀಗೆ.

ಒಂಬತ್ತನೆಯ ವರ್ಷದಲ್ಲಿ ಎಲ್ಲವೂ ರಾಜಿಯಾಗುತ್ತದೆಂಬ ನಂಬಿಕೆಯೂ ಗಟ್ಟಿಯಾದದ್ದಲ್ಲ. ದಿವಾಳಿ ಸಂಹಿತೆಯ ಪ್ರಕ್ರಿಯೆ 330 ದಿನಗಳೊಳಗೆ ಕಡ್ಡಾಯವಾಗಿ ಮುಗಿಯಬೇಕೆಂದು 2019ರಲ್ಲಿ ತಿದ್ದುಪಡಿ ಬಂತು. ಅದೇ ವರ್ಷ ಸುಪ್ರೀಂ ಕೋರ್ಟ್ ಆ ‘ಕಡ್ಡಾಯ’ವನ್ನು ತೆಗೆದುಹಾಕಿತು, ಏಕೆಂದರೆ ನ್ಯಾಯಮಂಡಳಿಯ ವಿಳಂಬಕ್ಕೆ ಅರ್ಜಿದಾರನನ್ನು ದಂಡಿಸುವಂತಿಲ್ಲ. ಪಾಲಿನ ದಾವೆಗಂತೂ ಗಡುವೇ ಇಲ್ಲ. ತಡೆಯಾಜ್ಞೆಯ ಕಾರಣದಿಂದ ಕೆಲಸ ಮುಂದುವರಿಸಲಾಗದವನ ಕಟ್ಟಡವನ್ನು ‘ಮುಗಿಸಲಿಲ್ಲ’ವೆಂದು ಕೆಡವಿದರೆ ಯಾವ ನ್ಯಾಯಾಲಯ ಒಪ್ಪೀತು? 2017ರಲ್ಲಿ ಕೈಹಾಕಿದ ಈಜಿಪುರ ಮೇಲ್ಸೇತುವೆಯನ್ನು ಗುತ್ತಿಗೆದಾರರನ್ನು ಬದಲಿಸಿಯೂ ವರ್ಷಗಳ ಕಾಲ ಬರಿ ಕಂಬಗಳಾಗಿ ನಿಲ್ಲಿಸಿದ್ದ ಆಡಳಿತ, ಖಾಸಗಿಯವರಿಗೆ ಹತ್ತು ವರ್ಷದ ಗಡುವಿನ ಪಾಠ ಹೇಳುವುದು ಸ್ವಲ್ಪ ಸೋಜಿಗದ ವಿಷಯವೇ.

ಸೊಳ್ಳೆ ಮತ್ತು ಬೀಳುವ ಹಲಗೆಯ ದೂರು ಮಾತ್ರ ನಿಜವಾದದ್ದು, ಅದನ್ನು ತಳ್ಳಿಹಾಕಲಾಗದು. ಅದಕ್ಕೆ ಬೇಕಾದದ್ದು ನೀರೆತ್ತುವ ಪಂಪು, ಸುತ್ತ ಬಲೆ, ಫುಟ್‌ಪಾತಿನ ಮೇಲೆ ಚಪ್ಪರ, ಸಡಿಲ ಸಾಮಗ್ರಿಗಳ ತೆರವು ಮತ್ತು 2,000 ರೂಪಾಯಿಯ ಬದಲು ನೆಲದ ಮಾರ್ಗಸೂಚಿ ಬೆಲೆಯ ಮೇಲೆ ವರ್ಷದಿಂದ ವರ್ಷಕ್ಕೆ ಏರುವ ದಂಡ. ಕಾಯುವುದಕ್ಕೆ ಖರ್ಚಾಗುವಂತೆ ಮಾಡಿದರೆ ಮಾಲೀಕನೇ ಗಿರಾಕಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಗಿರಾಕಿ ಹೋಟೆಲನ್ನೇ ಮಾಡಬೇಕೆಂದೂ ಇಲ್ಲ. ನಡುವೆ ಓಣಿ, ಎರಡು ಕಡೆ ಸಾಲುಕೋಣೆ, ಪ್ರತಿ ಕೋಣೆಗೂ ಶೌಚಾಲಯಕ್ಕೆಂದು ಮೊದಲೇ ಬಿಟ್ಟ ಪೈಪಿನ ದಾರಿ: ಈ ವಿನ್ಯಾಸ ಕಚೇರಿಗೆ ಅಷ್ಟಾಗಿ ಒಗ್ಗದಿದ್ದರೂ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲಿಗೋ, ವಿಕ್ಟೋರಿಯಾ ಆಸ್ಪತ್ರೆಗೆ ದೂರದೂರಿನಿಂದ ಬರುವ ರೋಗಿಗಳ ಕಡೆಯವರ ವಸತಿಗೋ ಹೇಳಿಮಾಡಿಸಿದ್ದು. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಅಂತಹ ಕಟ್ಟಡವನ್ನು ಇಂದು ಸರ್ಕಾರ ಹೊಸದಾಗಿ ಕಟ್ಟಿಸಲು ಹೊರಟರೆ ಮೊದಲ ತೊಡಕು ಜಾಗದ್ದೇ.

ಪರೀಕ್ಷೆಯ ವರದಿಯಲ್ಲಿ ಕಟ್ಟಡ ಉಳಿಯದೆಂದು ಬಂದರೆ ಕೆಡವಲಿ, ಅದಕ್ಕೆ ಹತ್ತು ವರ್ಷ ಕಾಯಬೇಕಾಗಿಯೂ ಇಲ್ಲ. ಆದರೆ ಆಗ ಕೆಡವಿದ ಖರ್ಚನ್ನು ನೆಲ ಹರಾಜಾದ ಹಣದಿಂದ, ಬ್ಯಾಂಕಿನ ಬಾಕಿಗಿಂತ ಮೊದಲು, ಪಾಲಿಕೆಗೆ ಮುರಿದುಕೊಡಬೇಕು. 2020ರ ಜನವರಿಯಿಂದ ಜಾರಿಗೆ ಬಂದಿರುವ, ಬ್ಯಾಂಕುಗಳ ಸಾಲ ವಸೂಲಿಗೆಂದಿರುವ ಸರ್ಫೇಸಿ ಕಾಯ್ದೆಯ 26-ಇ ಕಲಮಿನ ಪ್ರಕಾರ, ನೋಂದಾಯಿತ ಅಡಮಾನವುಳ್ಳ ಬ್ಯಾಂಕಿನ ಸಾಲಕ್ಕೆ ಸ್ಥಳೀಯ ಸಂಸ್ಥೆಗಳ ಬಾಕಿಗಿಂತ ಆದ್ಯತೆಯಿದೆ. ಇದು ವಿಧಾನಸೌಧದಲ್ಲಿ ತಿದ್ದಬಹುದಾದ ಕಲಮಲ್ಲ, ಸಂಸತ್ತೇ ತಿದ್ದಬೇಕು. ಅಲ್ಲಿಯವರೆಗೆ ‘ಕೆಡವಿ’ ಎನ್ನುವವರು ಆ ಬಿಲ್ಲು ತೆರಿಗೆದಾರರ ಹೆಸರಿಗೇ ಬರುತ್ತದೆಂದು ಒಪ್ಪಿಕೊಂಡೇ ಮಾತಾಡಬೇಕು.