ಕಾಗದ ನೋಡಿದರು, ಮಾಡು ನೋಡಲಿಲ್ಲ

ಈ ಸಲ ರಜೆಗೆ ತೀರ್ಥಹಳ್ಳಿಗೆ ಬಂದಾಗ ತಮ್ಮ ಕೊಂಡ ಹಳೆ ಹೆಂಚಿನ ಮನೆ ನೋಡಿದೆ. ಅಂಗಳ ದೊಡ್ಡದು, ಬಾವಿಯಲ್ಲಿ ಬೇಸಿಗೆಗೂ ನೀರಿದೆ. ಆದರೆ ಅಟ್ಟ ಹತ್ತಿ ಹೆಂಚು ಹೊರುವ ಮರದ ಪಕಾಸಿ ಮುಟ್ಟಿದರೆ ಹುಡಿ ಉದುರಿತು. ಎಲ್ಲ ಗೆದ್ದಲು. ಕೊಂಡ ವರ್ಷದ ಮಳೆಗೇ ಅಡುಗೆಮನೆ ಕಡೆಯ ಮಾಡು ಕುಸಿದಿತ್ತು. ಅದನ್ನು ಎಬ್ಬಿಸಲು ಕೈಸಾಲ ಮಾಡಿದ್ದಾನೆ. ಅದರ ಮೇಲೆ ಬ್ಯಾಂಕಿನ ಕಂತು ಬೇರೆ.

"ಸಾಲ ಕೊಡುವಾಗ ಬ್ಯಾಂಕಿನ ಕಡೆಯಿಂದ ಯಾರೂ ಬರಲಿಲ್ವಾ?" ಎಂದೆ.

"ಬಂದಿದ್ರು ಅಣ್ಣಯ್ಯ. ಅಳತೆ ತಗೊಂಡ್ರು, ಫೋಟೊ ಹೊಡೆದ್ರು, ಹೋದ್ರು. ಇ-ಸ್ವತ್ತು, ಇಸಿ ಅಂತ ಆಸ್ತಿಯ ಕಾಗದ ಸರಿ ಇದ್ರೆ ಅವರಿಗೆ ಆಯ್ತು."

ಕಾಗದ ನೋಡಬೇಕು, ಸರಿ. ನಮ್ಮ ಕಡೆ ಪಾಲು, ಹಕ್ಕಿನ ತಕರಾರು ಕಡಿಮೆಯೇನಲ್ಲ. ಆದರೆ ಮಲೆನಾಡಿನಲ್ಲಿ ಮನೆ ಅಂದರೆ ಮೊದಲು ಮಾಡು ಅಲ್ವಾ?

ನಾನು ಅಮೆರಿಕದ ಒಹಾಯೋದಲ್ಲಿ ಮನೆ ಕೊಂಡಿದ್ದು ಎಫ್‌ಎಚ್‌ಎ ಸಾಲದಲ್ಲಿ. ಸಾಲ ಕೊಡುವುದು ಬ್ಯಾಂಕು, ಆ ಸಾಲಕ್ಕೆ ವಿಮೆ ಎಫ್‌ಎಚ್‌ಎ ಎಂಬ ಅಲ್ಲಿನ ಸರ್ಕಾರಿ ಸಂಸ್ಥೆಯದು. ಮನೆ ಕಟ್ಟಿದ್ದು 1962ರಲ್ಲಿ. ಬೆಲೆ ಕಟ್ಟಲು ಬಂದ ಅಪ್ರೈಸರ್ ಕಿಟಕಿಯಲ್ಲಿ ಬಣ್ಣ ಎದ್ದಿದ್ದನ್ನು ಬರೆದುಕೊಂಡರು. 1978ಕ್ಕಿಂತ ಹಳೆಯ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು, ಮಕ್ಕಳಿಗೆ ಅಪಾಯ. ಹಾಗಾಗಿ ಅದನ್ನು ಸರಿಮಾಡಿಸಲೇಬೇಕು. ಛಾವಣಿ ಇನ್ನು ಕನಿಷ್ಠ 2 ವರ್ಷ ಬಾಳಬೇಕೆಂಬ ನಿಯಮವೂ ಇದೆ. ನಮ್ಮದರಲ್ಲಿ ಒಂದು ಮೂಲೆ ಸೋರುತ್ತಿತ್ತು, ಅದೂ ಪಟ್ಟಿಗೆ ಸೇರಿತು. ಸವೆದ ಕಾರ್ಪೆಟ್, ಹಳೆ ಅಡುಗೆಮನೆ ಬಗ್ಗೆ ಮಾತ್ರ ತಕರಾರಿಲ್ಲ. ಅಂದಚಂದ ಬೇರೆ, ಸುರಕ್ಷತೆ ಬೇರೆ.

ನನಗೆ ಹಿಡಿಸಿದ್ದು ಮುಂದಿನದು. ರಿಪೇರಿ ಆದ ಮೇಲೆ ಮನೆ ಎಷ್ಟು ಬೆಲೆ ಬಾಳುತ್ತದೋ ಅದನ್ನೇ ಅಪ್ರೈಸರ್ ಬರೆದರು. ಆದರೆ ಕೆಲಸ ಮುಗಿದಿದೆ ಎಂದು ಮತ್ತೊಮ್ಮೆ ಬಂದು ನೋಡುವವರೆಗೆ ಸಾಲ ಬರಲಿಲ್ಲ. ಮಾರುವವರು ಮೂಲೆ ಸರಿಮಾಡಿಸಿ, ಬಣ್ಣ ಕೆರೆದು ಹೊಸದಾಗಿ ಬಳಿಸಿದರು. ಮೂರು ವಾರ ತಡವಾಯಿತು, ಮರುಭೇಟಿಯ ಶುಲ್ಕ ನನ್ನ ಮೇಲೆ ಬಿತ್ತು. ಆಗ ಸಿಟ್ಟು ಬಂದಿತ್ತು. ತಮ್ಮನ ಅಟ್ಟ ನೋಡಿದ ಮೇಲೆ ಆ ಸಿಟ್ಟು ಉಳಿದಿಲ್ಲ.

ಅಪ್ರೈಸರ್ ಬರುವುದು ಬ್ಯಾಂಕಿನ ಹಣ ಕಾಯಲು, ನಮ್ಮನ್ನು ಕಾಯಲು ಅಲ್ಲ. ಅದಕ್ಕೇ ಮನೆಯನ್ನು ಪೂರ್ತಿ ತಪಾಸಣೆ ಮಾಡಿಸಲು ಬೇರೆಯವರನ್ನು ಕರೆಯಬೇಕು, ನಾನೂ ಕರೆಸಿದ್ದೆ. ಆದರೂ ಅಪ್ರೈಸರ್ ಪಟ್ಟಿಯಿಂದ ಕೊಳ್ಳುವವನ ಮಾತಿಗೆ ಬಲ ಬರುತ್ತದೆ. "ನಾನು ಕೇಳ್ತಿಲ್ಲ, ಬ್ಯಾಂಕು ಕೇಳ್ತಿದೆ" ಎನ್ನಬಹುದು.

ಇಲ್ಲಿ ಇದೇ ನಿಯಮ ತಂದರೆ ಹಳೆ ಮನೆಗಳಿಗೆ ಸಾಲವೇ ಸಿಗದೆ ಹೋದೀತು ಎಂಬ ಭಯ ನನಗೂ ಇದೆ. ಕೈಯಲ್ಲಿ ಕಾಸಿಲ್ಲದೆ ಮನೆ ಮಾರುವವರು ಮಾಡು ಕಟ್ಟಿಸಿಕೊಡುವುದೆಲ್ಲಿಂದ? ಅಲ್ಲಿ ಅದಕ್ಕೂ ದಾರಿ ಇದೆ. 203ಕೆ ಎಂಬ ಸಾಲದಲ್ಲಿ ಮನೆಯ ಬೆಲೆಯ ಜೊತೆ ರಿಪೇರಿಯ ಖರ್ಚನ್ನೂ ಸೇರಿಸುತ್ತಾರೆ, ಕೆಲಸ ನಡೆದ ಹಾಗೆ ಆ ಹಣ ಬಿಡುತ್ತಾರೆ. ನಮ್ಮ ಬ್ಯಾಂಕುಗಳಿಗೆ ಇದೇನು ಗೊತ್ತಿಲ್ಲದ ವಿದ್ಯೆ ಅಲ್ಲ. ಹೊಸ ಮನೆ ಕಟ್ಟುವವರಿಗೆ ಪಾಯ ಆಯ್ತಾ, ಗೋಡೆ ಎದ್ದಿತಾ ಎಂದು ನೋಡಿ ಕಂತಿನಲ್ಲಿ ಹಣ ಕೊಡುವುದಿಲ್ವಾ? ಹಳೆ ಮನೆ ಕೊಳ್ಳುವವರಿಗೂ ಹಾಗೇ ಮಾಡಲಿ. ಬೆಲೆ ಕಟ್ಟಲು ಬಂದವರು ಏಣಿ ಹಾಕಿ ಅಟ್ಟ ಹತ್ತಲಿ. ಪಕಾಸಿ, ರೀಪು, ಗೋಡೆಯ ಬುಡ ನೋಡಿ ವರದಿಯಲ್ಲಿ ಬರೆಯಲಿ.

ತಮ್ಮನಿಗೆ ಅಂಥ ವರದಿ ಸಿಕ್ಕಿದ್ದರೆ, ಆ ವರ್ಷ ಮೇ ತಿಂಗಳಲ್ಲೇ ಆಚಾರಿ ಬಂದು ಹೆಂಚು ಇಳಿಸುತ್ತಿದ್ದರು.