ಎರಡು ದಿನದ ಅಸಲಿ ಮುಂಬಯಿ

ಮುಂಬಯಿಗೆ ಚೀಲ ಹೊತ್ತು ಬರುವವರು ಎರಡು ಥರ. ಒಬ್ಬರು ನಮ್ಮವರು. ಉಡುಪಿ, ಕುಂದಾಪುರದ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಅದೇ ಹೋಟೆಲಿನ ಬೆಂಚು ಜೋಡಿಸಿ ಮಲಗಿದವರು. ಅವರನ್ನು ಯಾರೂ ಬ್ಯಾಕ್‌ಪ್ಯಾಕರ್ ಅನ್ನಲಿಲ್ಲ. ಇನ್ನೊಬ್ಬರು ಗೋವಾಕ್ಕೆ ಹೋಗುವ ದಾರಿಯಲ್ಲಿ ಎರಡು ದಿನ ಇಳಿದು, ‘ಅಸಲಿ ಮುಂಬಯಿ’ ನೋಡಿ ಹೋಗುವವರು.

ಅಸಲಿ ಮುಂಬಯಿ ಅಂದರೆ ಏನು? ನಾವು ಯಾವುದರಿಂದ ತಪ್ಪಿಸಿಕೊಳ್ಳಲು ದಿನಾ ಒದ್ದಾಡುತ್ತೇವೋ ಅದು.

ಮಹಾಲಕ್ಷ್ಮಿ ಸ್ಟೇಷನ್ ಪಕ್ಕದ ಸೇತುವೆ ಮೇಲೆ ನಿಂತರೆ ಕೆಳಗೆ ಧೋಬಿ ಘಾಟ್. ತೊಟ್ಟಿಗಳಲ್ಲಿ ನಿಂತು ಬಟ್ಟೆ ಒಗೆಯುವವರ ಕಡೆಗೆ ಮೇಲಿನಿಂದ ಸಾಲುಸಾಲು ಕ್ಯಾಮೆರಾ. ನಮ್ಮೂರಿನ ಬಾವಿಕಟ್ಟೆಯಲ್ಲಿ ಯಾರೋ ಬಟ್ಟೆ ಒಗೆಯುವಾಗ ಹೀಗೆ ಇಣುಕಿ ನೋಡಿ, ಗೊತ್ತಾಗುತ್ತದೆ. ಇಲ್ಲಿ ಅದು ಪ್ರವಾಸ. ಒಗೆಯಲು ಬಂದ ಚಾದರಗಳಲ್ಲಿ ಈ ಫೋಟೋಗ್ರಾಫರ್ ಹಿಂದಿನ ರಾತ್ರಿ ಹೊದ್ದು ಮಲಗಿದ್ದೂ ಒಂದು ಇರಬಹುದು.

ಆಮೇಲೆ ಲೋಕಲ್ ರೈಲು. ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ, ಚರ್ಚ್‌ಗೇಟಿನಿಂದ ಉತ್ತರಕ್ಕೆ. ಅಂದರೆ ಊರೆಲ್ಲ ಆಫೀಸು ಸೇರಿದ ಮೇಲೆ, ಊರು ಬಂದ ದಿಕ್ಕಿಗೆ ಎದುರಾಗಿ. ಬೋಗಿ ಖಾಲಿ. ಬಾಗಿಲಲ್ಲಿ ಕೂದಲು ಹಾರಿಸಿಕೊಂಡು ಒಂದು ವಿಡಿಯೋ. ರೈಲ್ವೆಯವರ ಭಾಷೆಯಲ್ಲಿ ನಮ್ಮ ನಿತ್ಯದ ಪ್ರಯಾಣಕ್ಕೆ ‘ಸೂಪರ್ ಡೆನ್ಸ್ ಕ್ರಷ್ ಲೋಡ್’ ಎನ್ನುತ್ತಾರೆ. ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಲ್ಲುವುದು. ಈ ತಲೆ ಎಣಿಸಿದ ಪುಣ್ಯಾತ್ಮ ತಾನು ಎಲ್ಲಿ ನಿಂತಿದ್ದನೋ! ನಿಜವಾಗಿ ಅನುಭವ ಬೇಕೆಂದರೆ ಆ ಪ್ರವಾಸಿ ಸಂಜೆ ಅಂಧೇರಿಯಲ್ಲಿ ವಿರಾರ್ ಫಾಸ್ಟ್ ಹತ್ತಿ, ನಡುದಾರಿಯ ಬೋರಿವಲಿಯಲ್ಲಿ ಇಳಿಯಲು ನೋಡಲಿ. ಅಸಲಿ ಮುಂಬಯಿ ಅವನನ್ನು ವಿರಾರಿನವರೆಗೂ ಮುಟ್ಟಿಸುತ್ತದೆ. ಬೈಗುಳ ಉಚಿತ.

ಧಾರಾವಿ ಕೊಳೆಗೇರಿಯ ಟೂರ್ ಇದಕ್ಕಿಂತ ಒಂದು ಕೈ ಮೇಲು. ದುಡ್ಡು ಕೊಟ್ಟು ಎರಡು ಗಂಟೆ ಗಲ್ಲಿ ಸುತ್ತುವುದು. ಕುಂಬಾರವಾಡದ ಮಡಕೆ, ಚರ್ಮದ ಕೆಲಸ, ಪ್ಲಾಸ್ಟಿಕ್ ವಿಂಗಡಿಸುವ ಶೆಡ್ಡು. ಹೊರಗೆ ಬಂದು, “ಇಷ್ಟು ಕಷ್ಟದಲ್ಲೂ ಜನ ಎಷ್ಟು ಖುಷಿಯಾಗಿದ್ದಾರೆ!” ಎಂಬ ಉದ್ಗಾರ. ಸಾರ್ವಜನಿಕ ಶೌಚಾಲಯದ ಬೆಳಗಿನ ಕ್ಯೂ ಅವನ ಕಣ್ಣಿಗೆ ಬೀಳುವುದಿಲ್ಲ. ಟೂರ್ ಶುರುವಾಗುವುದೇ ತಿಂಡಿ ಆದ ಮೇಲೆ, ಅಲ್ವಾ?

ಅವನೊಬ್ಬನನ್ನೇ ಬೈದು ಏನು ಮಾಡುವುದು? ಅತಿಥಿ ಸತ್ಕಾರದಲ್ಲಿ ಈ ಊರಿನ ಲೆಕ್ಕವೇ ಬೇರೆ. 1911ರಲ್ಲಿ ಐದನೇ ಜಾರ್ಜ್ ರಾಜ ಬಂದಿಳಿದಾಗ ಅವನಿಗೆ ತೋರಿಸಿದ್ದು ರಟ್ಟಿನ ಗೇಟ್‌ವೇ ಆಫ್ ಇಂಡಿಯಾ. ಕಲ್ಲಿನದು ಉದ್ಘಾಟನೆಯಾದದ್ದು 1924ರಲ್ಲಿ. 1948ರ ಫೆಬ್ರವರಿಯಲ್ಲಿ ಕೊನೆಯ ಬ್ರಿಟಿಷ್ ಪಡೆ ಅದೇ ಕಮಾನಿನಡಿ ಹಾದು ಹಡಗು ಹತ್ತಿತು. ಬರುವವನಿಗೆ ರಟ್ಟು, ಹೋಗುವವರಿಗೆ ಕಲ್ಲು! ಅಲ್ಲಿಂದ ದೋಣಿ ಹತ್ತಿ ಎಲಿಫೆಂಟಾಕ್ಕೆ ಹೋದರೆ ಕೌಂಟರಿನಲ್ಲಿ ನಮಗೆ ಟಿಕೆಟ್ 40 ರೂಪಾಯಿ, ವಿದೇಶಿಗೆ 600. ಹದಿನೈದು ಪಟ್ಟು ಕೊಟ್ಟನೆಂದು ಅಲ್ಲಿನ ಗುಹೆಯ ಮೂರು ಮುಖದ ಶಿವನೇನು ಅವನಿಗೆ ನಾಲ್ಕನೇ ಮುಖ ತೋರಿಸುವುದಿಲ್ಲ. ಸೋಮವಾರ ಹೋದರೆ ಮೂರೂ ಇಲ್ಲ, ಗುಹೆಗೆ ರಜೆ.

ಇನ್ನು ರೂಮು. ವಿದೇಶಿ ಬಂದಿಳಿದ 24 ಗಂಟೆಯೊಳಗೆ ಲಾಜಿನವರು ಅವನ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ಕಳಿಸಬೇಕು. ಆ ತಲೆನೋವು ಬೇಡವೆಂದು ಸಣ್ಣ ಲಾಜಿನವರು ಪಾಸ್‌ಪೋರ್ಟ್ ಕಂಡ ಕೂಡಲೇ “ಫುಲ್” ಅನ್ನುತ್ತಾರೆ. ಹಿಂದೆ ಗೋಡೆಯಲ್ಲಿ ಬೀಗದಕೈಗಳು ಸಾಲಾಗಿ ನೇತಾಡುತ್ತಿರುತ್ತವೆ. ಚೀಲ ಹೊತ್ತು ಬೀದಿಬೀದಿ ಅಲೆದು, “ಜಾಗ ಇಲ್ಲ” ಎಂದು ಕೇಳಿಸಿಕೊಳ್ಳುವುದಕ್ಕಿಂತ ಅಸಲಿ ಮುಂಬಯಿ ಬೇರೆ ಯಾವುದಿದೆ? ಇಲ್ಲಿ ಬಾಡಿಗೆ ಮನೆ ಹುಡುಕಿದ ಯಾರನ್ನಾದರೂ ಕೇಳಿ. ಮದುವೆಯಾಗಿದೆಯೇ, ಮೀನು ತಿನ್ನುತ್ತೀರಾ, ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ? ಪಾಪ, ಬಂದ ಮೊದಲ ಗಂಟೆಯಲ್ಲೇ ಅವನಿಗೆ ಈ ಭಾಗ್ಯ ಪುಕ್ಕಟೆ ಸಿಗುತ್ತದೆ. ಅವನು ಮಾತ್ರ ಅದಕ್ಕೆ ಒಂದೇ ಸ್ಟಾರ್ ಕೊಟ್ಟು, ಅಸಲಿ ಮುಂಬಯಿ ಹುಡುಕಲು ಹೊರಡುತ್ತಾನೆ.

ನಮ್ಮ ಗೋಳಿಗೆ ಇಷ್ಟು ಗಿರಾಕಿ ಇರುವಾಗ ಸುಮ್ನೆ ಕೂರುವುದು ತಪ್ಪು. ಜುಲೈನಲ್ಲಿ, ಮಳೆಗೆ ರಸ್ತೆ ಮುಳುಗುವ ಹಿಂದ್‌ಮಾತಾದಲ್ಲಿ ಜಲವಿಹಾರ ಶುರು ಮಾಡಬಹುದು. ಪ್ಯಾಂಟ್ ಮಡಚಲು ತರಬೇತಿ ಸೇರಿ ಒಂದೇ ದರ. ಬೆಳಗಿನ ಜಾವ ಚಾಳಿನಲ್ಲಿ ನೀರು ಹಿಡಿಯುವ ಕಾರ್ಯಕ್ರಮ, ಕೊಡ ನಮ್ಮದೇ.

ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಮೊನ್ನೆ ಇಂಥವನೊಬ್ಬ ಇಡ್ಲಿಯನ್ನು ನಾಲ್ಕು ಕಡೆಯಿಂದ ಫೋಟೋ ಹೊಡೆಯುತ್ತಿದ್ದ. ಸಾಂಬಾರಿನ ಹಬೆ ಸರಿಯಾಗಿ ಬರಲಿಲ್ಲವೆಂದು ಇನ್ನೊಂದು ಸಲ ಬಿಸಿ ಮಾಡಿಸಿದ. ಗಲ್ಲಾದಲ್ಲಿ ಕೂತ ಶೆಟ್ರಿಗೆ, “ನೋಡಿ, ನಿಮ್ಮ ಇಡ್ಲಿ ಲೋಕವೆಲ್ಲ ಸುತ್ತುತ್ತದೆ” ಅಂದೆ.

“ಸುತ್ಲಿ ಮಾರಾಯ್ರೆ. ಅವ್ನಿಗೆ ಬೇಗ ತಿನ್ಲಿಕ್ಕೆ ಹೇಳಿ. ಕುರ್ಚಿ ಹಿಂದೆ ಮೂರು ಜನ ನಿಂತಿದ್ದಾರೆ.”